ಮೊಳೆ ವಿಂಗಡಿಸುತ್ತಿದ್ದ ಅಪ್ಪ

ನ್ಯೂಯಾರ್ಕಿನ ಮೇಲ್ಭಾಗದ ಕ್ಯಾಟ್‌ಸ್ಕಿಲ್ ಬೆಟ್ಟಸೀಮೆಯಲ್ಲಿ, ಬೇಸಿಗೆ ಕಳೆಯಲೆಂದು ಬಾಡಿಗೆಗೆ ಹಿಡಿದ ಒಂದು ಪುಟ್ಟ ಮನೆ. ಒಲೆಯ ಮೇಲೆ ಪಾತ್ರೆಯಿಲ್ಲ, ಅಡುಗೆಯೂ ನಡೆಯುತ್ತಿಲ್ಲ. ಆದರೂ ಗ್ಯಾಸ್ ಉರಿಯುತ್ತಲೇ ಇದೆ. ಯಾಕೆಂದು ಕೇಳಿದರೆ ಮನೆಯ ಹಿರಿಯರ ಬಳಿ ಲೆಕ್ಕ ಸಿದ್ಧವಿದೆ: ಗ್ಯಾಸಿನ ದುಡ್ಡು ಬಾಡಿಗೆಯಲ್ಲೇ ಸೇರಿದೆ, ಬೆಂಕಿಕಡ್ಡಿಯ ದುಡ್ಡು ಸೇರಿಲ್ಲ. ಆರಿಸಿದರೆ ಮತ್ತೆ ಹಚ್ಚಲು ಒಂದು ಕಡ್ಡಿ ದಂಡ.

ಅದೇ ಹಿರಿಯರು ಅದೇ ಬೇಸಿಗೆಯಲ್ಲಿ, ತೆರೆದು ಒಂದಷ್ಟು ತಿಂದಿದ್ದ ಸೀರಿಯಲ್ ಡಬ್ಬವನ್ನು ವಾಪಸ್ ಕೊಡಲು ದಿನಸಿ ಅಂಗಡಿಗೆ ಹೊರಟರು. ಕಾರಿನಲ್ಲಿ ಜೊತೆಗೆ ಬಂದಿದ್ದ ಮಗ, ಸೊಸೆ ಇಬ್ಬರೂ ಮರ್ಯಾದೆಗೆ ಅಂಜಿ ಒಳಗೇ ಹೋಗಲಿಲ್ಲ. ಹಿರಿಯರು ಮ್ಯಾನೇಜರ್ ಮುಂದೆ ತಮ್ಮ ಆರೋಗ್ಯ, ಬಿಟ್ಟುಹೋದ ಹೆಂಡತಿ, ಹಿಟ್ಲರನ ಕಾಲದ ಶಿಬಿರ ಎಲ್ಲವನ್ನೂ ಹೇಳಿಕೊಂಡರು. ಹೊರಬಂದಾಗ ಕೈಯಲ್ಲಿ ಆರು ಡಾಲರಿನ ಸಾಮಾನಿತ್ತು, ಕೊಟ್ಟದ್ದು ಒಂದು ಡಾಲರ್.

ಅವರ ಹೆಸರು ವ್ಲಾದೆಕ್ ಸ್ಪೀಗಲ್‌ಮನ್. ಹುಟ್ಟಿದ್ದು 1906ರಲ್ಲಿ, ಪೋಲೆಂಡಿನ ಯಹೂದಿ ಕುಟುಂಬದಲ್ಲಿ. ನಾಚಿಕೊಂಡು ಕಾರಿನಲ್ಲೇ ಕುಳಿತಿದ್ದ ಮಗ ಆರ್ಟ್ ಸ್ಪೀಗಲ್‌ಮನ್. ಅಪ್ಪನ ಕಥೆಯನ್ನು ಚಿತ್ರಕಥೆಯಾಗಿ ಬರೆದ ಅವರ ‘ಮೌಸ್’ಗೆ 1992ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ಬಂತು. ಯಹೂದಿಗಳಿಗೆ ಇಲಿಯ ಮುಖ, ಜರ್ಮನ್ನರಿಗೆ ಬೆಕ್ಕಿನ ಮುಖ, ಪೋಲಿಷರಿಗೆ ಹಂದಿಯ ಮುಖ ಕೊಟ್ಟ ಪುಸ್ತಕವೆಂದೇ ಅದನ್ನು ಹೆಚ್ಚಿನವರು ನೆನೆಯುತ್ತಾರೆ. ಆ ಮುಖವಾಡಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಪುಸ್ತಕದ ಅರ್ಧ ಭಾಗ ಆಶ್ವಿಟ್ಜ್‌ನಲ್ಲಿ ನಡೆಯುವುದೇ ಇಲ್ಲ. ನ್ಯೂಯಾರ್ಕಿನ ಕ್ವೀನ್ಸ್ ಭಾಗದ ರೀಗೊ ಪಾರ್ಕ್ ಎಂಬ ಬಡಾವಣೆಯಲ್ಲಿ, ಮಾತ್ರೆ ಎಣಿಸುತ್ತ, ವ್ಯಾಯಾಮದ ಸೈಕಲ್ ತುಳಿಯುತ್ತ, ಎರಡನೆಯ ಹೆಂಡತಿಯ ಮೇಲೆ ರೇಗುತ್ತ, ಮಗನ ಟೇಪ್ ರೆಕಾರ್ಡರ್ ಮುಂದೆ ಮಾತಾಡುವ ಮುದುಕರೊಬ್ಬರ ಮನೆಯಲ್ಲಿ ನಡೆಯುತ್ತದೆ.

ಯುದ್ಧದಿಂದ ಪಾರಾಗಿ ಪರದೇಶದಲ್ಲಿ ಬದುಕು ಕಟ್ಟಿಕೊಂಡ ಅಪ್ಪಂದಿರ ಬಗ್ಗೆ ಮಕ್ಕಳು ಬರೆದ ಪುಸ್ತಕಗಳಿಗೆ ಬರವಿಲ್ಲ. ಅವುಗಳಲ್ಲಿ ಬಹಳಷ್ಟು ಆರತಿ ತಟ್ಟೆ ಹಿಡಿದೇ ಶುರುವಾಗುತ್ತವೆ. ಕೈ ಹಿಡಿದು ಓದಿಸಿಕೊಳ್ಳುವ ಕೆಲವು ಮಾತ್ರ ಬೇರೆ ಪ್ರಶ್ನೆ ಎತ್ತುತ್ತವೆ: ಅಂದು ಜೀವ ಉಳಿಸಿದ ಬುದ್ಧಿ, ಜೀವಕ್ಕೆ ಅಪಾಯವಿಲ್ಲದ ಊರಿಗೆ ಬಂದ ಮೇಲೆ ಎಲ್ಲಿಗೆ ಹೋಯಿತು? ವ್ಲಾದೆಕ್ ವಿಷಯದಲ್ಲಿ ಅದು ಎಲ್ಲಿಗೂ ಹೋಗಲಿಲ್ಲ. ಗ್ಯಾಸ್ ಒಲೆಗೆ ಬಂತು, ಸೀರಿಯಲ್ ಡಬ್ಬಕ್ಕೆ ಬಂತು, ಉದ್ದದ ಮೊಳೆ ಒಂದು ಕಡೆ ಗಿಡ್ಡ ಮೊಳೆ ಇನ್ನೊಂದು ಕಡೆ ಎಂದು ವಿಂಗಡಿಸಿಡುವ ಡಬ್ಬಿಗಳಿಗೂ ಬಂತು.

ಹಿಂದಿನ ಕಥೆ ಹೀಗೆ. 1937ರಲ್ಲಿ ವ್ಲಾದೆಕ್ ಸೊಸ್ನೊವಿಯೆತ್ಸ್ ಪಟ್ಟಣದ ಸಿರಿವಂತ ಮನೆತನದ ಆನ್ಯಾಳನ್ನು ಮದುವೆಯಾದರು. ಮಾವನದು ಕಾಲುಚೀಲ ತಯಾರಿಸುವ ಉದ್ಯಮ. ಅವರ ನೆರವಿನಿಂದ ಅಳಿಯನಿಗೊಂದು ಜವಳಿ ಕಾರ್ಖಾನೆಯೂ ಆಯಿತು. ಅದೇ ವರ್ಷ ಮೊದಲ ಮಗ ರಿಶ್ಯು ಹುಟ್ಟಿದ. 1939ರ ಆಗಸ್ಟ್ ಕೊನೆಯಲ್ಲಿ ಪೋಲಿಷ್ ಸೇನೆಯಿಂದ ಕರೆ ಬಂತು, ಸೆಪ್ಟೆಂಬರಿನಲ್ಲಿ ಜರ್ಮನ್ನರ ಕೈಗೆ ಸೆರೆ. ಬಿಡಿಸಿಕೊಂಡು ಊರು ಸೇರುವ ಹೊತ್ತಿಗೆ ಊರು ಊರಾಗಿ ಉಳಿದಿರಲಿಲ್ಲ. ಕಾರ್ಖಾನೆ ಹೋಯಿತು, ಮನೆ ಹೋಯಿತು. ಮಗುವನ್ನಾದರೂ ಉಳಿಸೋಣವೆಂದು ಬಂಧುಗಳ ಜೊತೆ ಬೇರೆ ಊರಿಗೆ ಕಳಿಸಿದರು. ಅಲ್ಲಿನ ಯಹೂದಿಗಳನ್ನೆಲ್ಲ ಆಶ್ವಿಟ್ಜ್‌ಗೆ ಸಾಗಿಸುತ್ತಾರೆಂದು ತಿಳಿದ ದಿನ, ಅನಿಲ ಕೋಣೆಗೆ ಹೋಗಲಾರೆನೆಂದು ಮಗುವಿನ ದೊಡ್ಡಮ್ಮ ತನ್ನ ಬಳಿಯಿದ್ದ ಮಕ್ಕಳಿಗೂ ರಿಶ್ಯುವಿಗೂ ವಿಷ ಕೊಟ್ಟು ತಾನೂ ತೀರಿಕೊಂಡಳು. ಅಪ್ಪ ಅಮ್ಮನಿಗೆ ಸುದ್ದಿ ಮುಟ್ಟಿದ್ದು ಎಷ್ಟೋ ಕಾಲದ ಮೇಲೆ.

1944ರ ಮಾರ್ಚಿನಲ್ಲಿ, ಹಂಗೆರಿಗೆ ದಾಟಿಸುತ್ತೇವೆಂದು ನಂಬಿಸಿದವರೇ ಹಿಡಿದುಕೊಟ್ಟರು. ಗಂಡ ಹೆಂಡತಿ ಇಬ್ಬರೂ ಆಶ್ವಿಟ್ಜ್ ಸೇರಿದರು, ಬೇರೆ ಬೇರೆ ಬೇಲಿಗಳೊಳಗೆ.

ಶಿಬಿರದಲ್ಲಿ ವ್ಲಾದೆಕ್ ತೋಳಿನ ಮೇಲೆ ಹಚ್ಚೆ ಹೊಯ್ದ ಸಂಖ್ಯೆ 175113. ಕುಸಿದು ಕುಳಿತಿದ್ದ ಅವರ ಬಳಿ ಬಂದ ಪೋಲಿಷ್ ಪಾದ್ರಿಯೊಬ್ಬರು ಆ ಅಂಕಿಗಳನ್ನು ಕೂಡಿಸಿ ತೋರಿಸಿದರು: ಮೊತ್ತ 18. ಹೀಬ್ರೂ ಅಕ್ಷರಗಣಿತದಲ್ಲಿ ಅದು ಬದುಕಿನ ಅಂಕಿ. ಆ ಪಾದ್ರಿಯನ್ನು ವ್ಲಾದೆಕ್ ಮತ್ತೆಂದೂ ನೋಡಲಿಲ್ಲ, ಲೆಕ್ಕವನ್ನು ಮಾತ್ರ ಮರೆಯಲಿಲ್ಲ.

ನಂಬಿಕೆಯೊಂದರಿಂದಲೇ ಉಳಿದರೆಂದಲ್ಲ. ಅವರಿಗೆ ಇಂಗ್ಲಿಷ್ ಬರುತ್ತಿತ್ತು. ಯುದ್ಧ ಹೇಗೆ ಮುಗಿದೀತೆಂದು ಊಹಿಸಿದ್ದ ಬ್ಯಾರಕ್ ಮೇಸ್ತ್ರಿಯೊಬ್ಬನಿಗೆ ಇಂಗ್ಲಿಷ್ ಕಲಿಯಬೇಕಿತ್ತು. ಪಾಠ ಹೇಳಿದ್ದಕ್ಕೆ ಊಟ ಸಿಕ್ಕಿತು, ಮೈಗೆ ಹೊಂದುವ ಬಟ್ಟೆ ಸಿಕ್ಕಿತು, ಕಾಲಿಗೆ ಸರಿಯಾದ ಬೂಟೂ ಸಿಕ್ಕಿತು. ಆಮೇಲೆ ತಗಡಿನ ಕೆಲಸ ಬರುತ್ತದೆಂದರು, ಅರೆಬರೆ ಬರುತ್ತಿತ್ತು. ಚಪ್ಪಲಿ ಹೊಲಿಯಲೂ ಬರುತ್ತದೆಂದರು. ಅಧಿಕಾರಿಯೊಬ್ಬನ ಬೂಟು ತಮ್ಮ ಕೈಗೆ ಮೀರಿದ ರಿಪೇರಿಯೆಂದು ಕಂಡಾಗ ಅದನ್ನು ಗುಟ್ಟಾಗಿ ಪಳಗಿದ ಚಮ್ಮಾರನ ಬಳಿ ಒಯ್ದು, ತಮ್ಮ ಪಾಲಿನ ರೊಟ್ಟಿ ಕೊಟ್ಟು ಮಾಡಿಸಿದರು. ಸುಮ್ಮನೆ ಮಾಡಿಸಲಿಲ್ಲ, ಪಕ್ಕದಲ್ಲೇ ನಿಂತು ಒಂದೊಂದು ಹೊಲಿಗೆಯನ್ನೂ ಕಲಿತರು. ಅಧಿಕಾರಿ ಮೆಚ್ಚಿ ಇಡೀ ಸಾಸೇಜ್ ಕೊಟ್ಟ. ಅಲ್ಲಿನ ಪೇಟೆಧಾರಣೆ ಅವರಿಗೆ ಬಾಯಿಪಾಠ: ಒಂದು ದಿನದ ರೊಟ್ಟಿಗೆ ಮೂರು ಸಿಗರೇಟು. ಹೊಟ್ಟೆ ಕಟ್ಟಿ ಕೂಡಿಟ್ಟ ಸಿಗರೇಟು ಮತ್ತು ವೋಡ್ಕಾ ಲಂಚದಿಂದಲೇ ಆನ್ಯಾಳನ್ನು ಆಶ್ವಿಟ್ಜ್‌ನದೇ ಭಾಗವಾದ ಬಿರ್ಕೆನಾವ್‌ನಿಂದ ತಮ್ಮ ಹತ್ತಿರದ ಹೊಸ ಬ್ಯಾರಕ್‌ಗೆ ವರ್ಗ ಮಾಡಿಸಿಕೊಂಡರು.

1945ರ ಜನವರಿಯಲ್ಲಿ ರಷ್ಯನ್ ಸೇನೆ ಸಮೀಪಿಸಿದಾಗ ನಾಜಿಗಳು ಕೈದಿಗಳನ್ನು ಹಿಮದಲ್ಲಿ ಪಶ್ಚಿಮಕ್ಕೆ ನಡೆಸಿದರು. ಗ್ರೋಸ್-ರೋಸೆನ್ ಶಿಬಿರ ತಲುಪಿದವರನ್ನು ದನ ಸಾಗಿಸುವ ರೈಲಿನಲ್ಲಿ ಕಾಲಿಡಲೂ ಜಾಗವಿಲ್ಲದಂತೆ ತುಂಬಿ ದಿನಗಟ್ಟಲೆ ನಿಲ್ಲಿಸಿಬಿಟ್ಟರು. ವ್ಲಾದೆಕ್ ತಮ್ಮ ಬಳಿಯಿದ್ದ ತೆಳ್ಳನೆಯ ಕಂಬಳಿಯನ್ನು ಬೋಗಿಯ ಮೇಲ್ಭಾಗದ ಕೊಕ್ಕೆಗಳಿಗೆ ಜೋಲಿಯಂತೆ ಕಟ್ಟಿ ಅದರೊಳಗೆ ಹತ್ತಿ ಕುಳಿತರು. ಕಿಟಕಿ ಕೈಗೆಟುಕುವಂತಾಯಿತು, ಚಾವಣಿಯ ಮೇಲಿನ ಹಿಮವೂ ಎಟುಕಿತು. ಕೆಳಗೆ ಕೆಲವರ ಬಳಿ ಸಕ್ಕರೆಯಿತ್ತು, ನೀರಿಲ್ಲದೆ ಗಂಟಲು ಉರಿಯುತ್ತಿತ್ತು. ಹಿಮ ಕೊಟ್ಟು ಸಕ್ಕರೆ ತೆಗೆದುಕೊಂಡರು. ಆ ಬೋಗಿಯಿಂದ ಜೀವಂತ ಇಳಿದವರು ಬೆರಳೆಣಿಕೆಯ ಮಂದಿ. ಇಳಿದದ್ದು ಡಕಾವ್ ಶಿಬಿರದಲ್ಲಿ, ಅಲ್ಲಿ ಟೈಫಸ್ ಕಾಯುತ್ತಿತ್ತು.

ಈ ಹಿಮದ ವ್ಯಾಪಾರವನ್ನು ಓದಿದ ಮೇಲೆ ಬೆಂಕಿಕಡ್ಡಿಯ ಲೆಕ್ಕ ಬೇರೆಯಾಗಿ ಕಾಣುತ್ತದೆ. ಅಷ್ಟು ಬೇಗ ಕರಗಿಬಿಡಬಾರದು ಎನ್ನುವುದೇ ‘ಮೌಸ್’ನ ಹಟ. ಅಪ್ಪನ ಜುಗ್ಗತನಕ್ಕೆಲ್ಲ ಯುದ್ಧವೇ ಕಾರಣವೆಂದು ಮಗ ಸಮಾಧಾನ ಮಾಡಿಕೊಳ್ಳಲು ಹೊರಟಾಗ ಮಲತಾಯಿ ಮಾಲಾ ಅದನ್ನು ಒಂದೇ ಏಟಿಗೆ ತಳ್ಳಿಹಾಕುತ್ತಾರೆ. ಆಕೆಯೂ ಶಿಬಿರ ಕಂಡು ಬಂದವರೇ, ಅವರ ಗೆಳೆಯರೆಲ್ಲರೂ ಕಂಡವರೇ. ಯಾರೂ ಹೀಗಿಲ್ಲ ಎನ್ನುವುದು ಆಕೆಯ ವಾದ. ಬ್ಯಾಂಕಿನಲ್ಲಿ ಕೈತುಂಬ ಹಣವಿಟ್ಟುಕೊಂಡು ಸಾರ್ವಜನಿಕ ಶೌಚಾಲಯದಿಂದ ಕಾಗದದ ಟವೆಲ್ ತಂದು ಮನೆಯಲ್ಲಿ ಬಳಸುವ ಗಂಡನ ಜೊತೆ ಸಂಸಾರ ಮಾಡಿದಾಕೆಗೆ ಹಾಗೆನ್ನುವ ಹಕ್ಕಿತ್ತು. ಜಿಪುಣ ಯಹೂದಿ ಎಂಬ ಹಳೆಯ ವಿಕೃತ ವ್ಯಂಗ್ಯಚಿತ್ರಕ್ಕೇ ಅಪ್ಪ ಜೀವ ತುಂಬುತ್ತಿದ್ದಾರಲ್ಲ ಎಂದು ಆರ್ಟ್ ಪುಸ್ತಕದೊಳಗೇ ಪೇಚಾಡುತ್ತಾರೆ. ಬರೆಯದೆ ಬಿಟ್ಟರೆ ಸುಳ್ಳು, ಬರೆದರೆ ವೈರಿಗಳ ಕೈಗೆ ಕೋಲು. ಬರೆದರು.

ಇನ್ನೂ ಕಹಿಯಾದದ್ದನ್ನೂ ಬರೆದರು. ಸೊಸೆ ಫ್ರಾನ್ಸ್ವಾಸ್ ದಾರಿಯಲ್ಲಿ ಒಬ್ಬ ಕಪ್ಪು ಮನುಷ್ಯನಿಗೆ ಕಾರಿನಲ್ಲಿ ಜಾಗ ಕೊಟ್ಟಾಗ, ಹಿಂದಿನ ಸೀಟಿನ ದಿನಸಿ ಕದ್ದುಬಿಟ್ಟಾನೆಂದು ಮಾವ ಗುಮಾನಿಯಿಂದ ಕುದಿಯುತ್ತಾರೆ. ನಾಜಿಗಳು ಯಹೂದಿಗಳ ಬಗ್ಗೆ ಹೇಳುತ್ತಿದ್ದುದೂ ಇದನ್ನೇ ಅಲ್ಲವೇ ಎಂದು ಸೊಸೆ ಸಿಡಿದರೆ, ಎರಡನ್ನೂ ಹೋಲಿಸುವುದೇ ತಪ್ಪೆಂದು ವ್ಲಾದೆಕ್ ವಾದಿಸುತ್ತಾರೆ. ಜನಾಂಗದ್ವೇಷದ ಬೆಂಕಿಯಿಂದ ಎದ್ದು ಬಂದವರು ಅದರಿಂದ ಪಾಠ ಕಲಿತೇ ಬಂದಿರುತ್ತಾರೆಂಬ ನಿರೀಕ್ಷೆ ಓದುಗರದು. ವ್ಲಾದೆಕ್ ಅದನ್ನು ಪೂರೈಸಲಿಲ್ಲ. ಬದುಕಿ ಉಳಿದದ್ದನ್ನೇ ದೊಡ್ಡ ಗುಣವೆಂದು ಕೊಂಡಾಡುವುದು ಸತ್ತವರಿಗೆ ಮಾಡುವ ಅನ್ಯಾಯವೆಂದು ಆರ್ಟ್‌ಗೆ ಮನವರಿಕೆ ಮಾಡಿಸಿದ್ದು ಅವರ ಮನೋವೈದ್ಯ ಪಾಲ್ ಪಾವೆಲ್. ಅವರೂ ಆಶ್ವಿಟ್ಜ್ ಕಂಡವರು. ಒಳ್ಳೆಯವರು ಉಳಿದರು, ಕೈಲಾಗದವರು ಸತ್ತರು ಎಂಬ ಲೆಕ್ಕ ಅಲ್ಲಿ ನಡೆಯಲಿಲ್ಲ.

ಹೊಸ ಬದುಕು ಕಟ್ಟಿಕೊಂಡರು ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. 1945ರಲ್ಲಿ ಗಂಡ ಹೆಂಡತಿ ಮತ್ತೆ ಕೂಡಿದ್ದು ಪೋಲೆಂಡಿನಲ್ಲೇ. ಅಲ್ಲಿ ಉಳಿಯುವ ಹಾಗಿರಲಿಲ್ಲ. ಶಿಬಿರದಿಂದ ಮನೆಗೆ ಮರಳಿದ ಯಹೂದಿಗಳನ್ನು ಆ ಮನೆಗಳಲ್ಲಿ ಆಗಲೇ ಬೇರೂರಿದ್ದವರು ಹೊಡೆದು ಕೊಂದ ಪ್ರಸಂಗಗಳಿದ್ದವು. 1946ರ ಜುಲೈನಲ್ಲಿ ಕಿಯೆಲ್ತ್ಸೆ ಪಟ್ಟಣದ ಗಲಭೆಯಲ್ಲಿ 40ಕ್ಕೂ ಹೆಚ್ಚು ಯಹೂದಿಗಳ ಕೊಲೆಯಾಯಿತು. ಆನ್ಯಾಳ ಅಣ್ಣನೊಬ್ಬ 1939ರ ವಿಶ್ವಮೇಳ ನೋಡಲು ನ್ಯೂಯಾರ್ಕಿಗೆ ಹೋದವನು ಅಲ್ಲೇ ಉಳಿದು ಬಚಾವಾಗಿದ್ದ. ಅವನ ಬಳಿ ಹೋಗೋಣವೆಂದರೆ ಅಮೆರಿಕದ ಬಾಗಿಲು ತೆರೆದಿರಲಿಲ್ಲ. ಯಾವ ದೇಶದಿಂದ ವರ್ಷಕ್ಕೆ ಎಷ್ಟು ಜನ ಬರಬಹುದೆಂದು 1924ರ ಕಾನೂನು ಮಿತಿ ಹಾಕಿತ್ತು. ನಿರಾಶ್ರಿತರಿಗೆಂದು ಬೇರೆ ಕಾನೂನು ಬಂದದ್ದು 1948ರಲ್ಲಿ. ಅದರಲ್ಲಿನ ತಾರತಮ್ಯ ತೆಗೆಯಲು ಇನ್ನೆರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಸ್ಪೀಗಲ್‌ಮನ್ ದಂಪತಿ ಸ್ವೀಡನ್ನಿನಲ್ಲಿ ಕಾದರು. ವ್ಲಾದೆಕ್ ಡಿಪಾರ್ಟ್‌ಮೆಂಟ್ ಸ್ಟೋರಿನಲ್ಲಿ ಕಾಲುಚೀಲ ಮಾರಿದರು. ಆರ್ಟ್ ಹುಟ್ಟಿದ್ದು ಸ್ಟಾಕ್‌ಹೋಮ್‌ನಲ್ಲಿ, 1948ರ ಫೆಬ್ರುವರಿ 15ರಂದು. 1951ರಲ್ಲಿ ಮೂವರೂ ಅಮೆರಿಕಕ್ಕೆ ಬಂದರು. ಅಲ್ಲಿ ವ್ಲಾದೆಕ್ ಹಿಡಿದದ್ದು ವಜ್ರದ ವ್ಯಾಪಾರ. ಸೊಂಟಕ್ಕೆ ಕಟ್ಟಿಕೊಂಡು ಓಡಬಹುದಾದ ಆಸ್ತಿ ಎಂದರೆ ಅದೊಂದೇ ತಾನೇ.

ಸ್ವೀಡನ್ನಿನಲ್ಲೇ ಉಳಿದ ಇನ್ನೊಬ್ಬ ಅಪ್ಪನಿದ್ದರು, ದಾವಿದ್ ರೋಸೆನ್‌ಬರ್ಗ್. ಪೋಲೆಂಡಿನ ವುಡ್ಜ್ ನಗರದವರು, ಗೆಟ್ಟೊ ಕಂಡು, ಆಶ್ವಿಟ್ಜ್ ಕಂಡು, ಜರ್ಮನಿಯ ಬ್ರೌನ್‌ಶ್ವೈಗ್‌ನ ಬ್ಯೂಸಿಂಗ್ ಲಾರಿ ಕಾರ್ಖಾನೆಯಲ್ಲಿ ಗುಲಾಮರಂತೆ ದುಡಿದವರು. 1947ರಲ್ಲಿ ಸೋಡರ್‌ಟೆಲ್ಯೆ ಎಂಬ ಸ್ವೀಡಿಷ್ ಪಟ್ಟಣದಲ್ಲಿ ರೈಲಿನಿಂದಿಳಿದು ಕೆಲಸಕ್ಕೆ ಸೇರಿದ್ದೂ ಲಾರಿ ಕಾರ್ಖಾನೆಗೇ, ಸ್ಕಾನಿಯಾ-ವಾಬಿಸ್‌ಗೆ. ಈ ಸಲ ಸಂಬಳವಿತ್ತು, ವಾಸಕ್ಕೆ ಮನೆಯಿತ್ತು, ಮದುವೆಯಾಗಿ ಮಕ್ಕಳಾದವು. ಹೊರಗಿನಿಂದ ನೋಡಿದವರಿಗೆ ಬದುಕು ಕಟ್ಟಿಯಾಗಿತ್ತು.

ಆರೋಗ್ಯ ಹಾಳಾದದ್ದಕ್ಕೆ ಜರ್ಮನಿಯಿಂದ ಪರಿಹಾರ ಕೇಳಿದಾಗ ಬಣ್ಣ ಬಯಲಾಯಿತು. ಪಶ್ಚಿಮ ಜರ್ಮನಿಯ 1956ರ ಪರಿಹಾರ ಕಾನೂನಿನ ಪ್ರಕಾರ, ನಾಜಿ ಹಿಂಸೆಯಿಂದಲೇ ದುಡಿಯುವ ಶಕ್ತಿ ಶೇ 25ರಷ್ಟಾದರೂ ಕುಗ್ಗಿದೆಯೆಂದು ವೈದ್ಯರು ಬರೆದುಕೊಟ್ಟರೆ ಮಾತ್ರ ಪಿಂಚಣಿ. ದಾವಿದ್ ಅವರನ್ನು ಪರೀಕ್ಷಿಸಿದ ವೈದ್ಯ ಬರೆದದ್ದು ಬೇರೆ: ಈತ ಪಿಂಚಣಿಯ ಆಸೆಗೆ ನರಳಿಕೆಯನ್ನು ಹಿಗ್ಗಿಸಿ ಹೇಳುತ್ತಿದ್ದಾನೆ. ಅರ್ಜಿ ತಿರಸ್ಕೃತವಾಯಿತು. 1960ರಲ್ಲಿ ದಾವಿದ್ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು. ಆಗ ಮಗ ಯೋರಾನ್‌ಗೆ ಇನ್ನೂ ಹನ್ನೆರಡು ತುಂಬಿರಲಿಲ್ಲ. ಮುಂದೆ ಹೆಸರಾಂತ ಪತ್ರಕರ್ತರಾದ ಯೋರಾನ್ ರೋಸೆನ್‌ಬರ್ಗ್ ಅಪ್ಪನ ಪತ್ರ, ಕಡತ, ರೈಲು ಮಾರ್ಗಗಳನ್ನು ಹಿಡಿದು ಹೊರಟು ಬರೆದ ಪುಸ್ತಕ 2012ರಲ್ಲಿ ಸ್ವೀಡನ್ನಿನ ಆಗಸ್ಟ್ ಪ್ರಶಸ್ತಿ ಪಡೆಯಿತು. ವೈದ್ಯನ ವರದಿಯನ್ನು ಅವರು ಸಾಲು ಸಾಲಾಗಿ ಓದುವ ಪುಟಗಳಲ್ಲಿ ಒಂದೇ ಒಂದು ಬೈಗುಳವಿಲ್ಲ. ಆ ಸಂಯಮವೇ ಓದುಗರ ಕೈ ನಡುಗಿಸುತ್ತದೆ.

ಇಂಥ ವರದಿಗಳ ವಿರುದ್ಧ ವೈದ್ಯಲೋಕದಲ್ಲೇ ದನಿ ಎದ್ದಿತು. ನಾಜಿಗಳಿಂದ ತಪ್ಪಿಸಿಕೊಂಡು ನ್ಯೂಯಾರ್ಕ್ ಸೇರಿದ್ದ ಮನೋವೈದ್ಯ ವಿಲಿಯಂ ನೀಡರ್‌ಲ್ಯಾಂಡ್, ಪರಿಹಾರ ಕೋರಿದವರನ್ನು ಪರೀಕ್ಷಿಸುತ್ತಲೇ ಅವರೆಲ್ಲರಲ್ಲಿ ಒಂದೇ ಬಗೆಯ ನಿದ್ರಾಹೀನತೆ, ದುಃಸ್ವಪ್ನ, ಉಳಿದುಕೊಂಡ ಪಾಪಪ್ರಜ್ಞೆ ಗುರುತಿಸಿ 1960ರ ದಶಕದ ಆರಂಭದಲ್ಲಿ ಅದಕ್ಕೆ ‘ಸರ್ವೈವರ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಕುರ್ಟ್ ಐಸ್ಲರ್ ಎಂಬ ಇನ್ನೊಬ್ಬ ಮನೋವಿಶ್ಲೇಷಕ 1963ರಲ್ಲಿ ತಮ್ಮ ಲೇಖನದ ತಲೆಬರಹದಲ್ಲೇ ಕೇಳಿದ್ದು ಇದು: ತನ್ನ ಎಷ್ಟು ಮಕ್ಕಳ ಕೊಲೆಯನ್ನು ಯಾವ ರೋಗಲಕ್ಷಣವೂ ಇಲ್ಲದೆ ಸಹಿಸಿಕೊಂಡರೆ ಒಬ್ಬ ಮನುಷ್ಯನ ದೇಹಪ್ರಕೃತಿ ಸಹಜವೆಂದು ನೀವು ಒಪ್ಪುತ್ತೀರಿ?

ಅಪ್ಪಂದಿರ ಮೇಲೆ ವೈದ್ಯರು ಬರೆಯುತ್ತಿದ್ದಾಗ ಮಕ್ಕಳು ಬೆಳೆಯುತ್ತಿದ್ದರು. 1947ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿ ಮರುವರ್ಷ ನ್ಯೂಯಾರ್ಕಿಗೆ ಬಂದ ಹೆಲೆನ್ ಎಪ್‌ಸ್ಟೀನ್ ತನ್ನಂಥವರನ್ನು ಹುಡುಕಿ ಮಾತಾಡಿಸಿ 1979ರಲ್ಲಿ ಪುಸ್ತಕ ಬರೆದರು. ಆಕೆಯ ತಂದೆ ಕುರ್ಟ್ ಚೆಕೊಸ್ಲೊವಾಕಿಯಾದ ಪರವಾಗಿ ಎರಡು ಒಲಿಂಪಿಕ್ಸ್‌ಗಳಲ್ಲಿ ವಾಟರ್‌ಪೋಲೊ ಆಡಿದವರು, ಎರಡನೆಯದು 1936ರ ಬರ್ಲಿನ್. ಶಿಬಿರಗಳಿಂದ ಬದುಕಿ ಬಂದ ಆ ಈಜುಗಾರ ನ್ಯೂಯಾರ್ಕಿನಲ್ಲಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಮಾಡಿದರು. ಹೊಸ ನಾಡು ಇವರನ್ನು ಬಿಟ್ಟುಕೊಂಡಿತು, ಹಳೆಯ ಅಂತಸ್ತನ್ನು ಬಿಟ್ಟುಕೊಳ್ಳಲಿಲ್ಲ. ವಲಸಿಗರ ಯಶಸ್ಸಿನ ಕಥೆಗಳಲ್ಲಿ ಈ ಇಳಿತದ ಲೆಕ್ಕ ಕಾಣುವುದು ಕಡಿಮೆ.

ಮನೆಯೊಳಗೆ ಬೆಳೆದ ಮಗುವಿಗೆ ಇದೆಲ್ಲ ಇತಿಹಾಸವಾಗಿ ಅಲ್ಲ, ಗದರಿಕೆಯಾಗಿ ಮುಟ್ಟುತ್ತಿತ್ತು. ಹತ್ತು ಹನ್ನೊಂದರ ಆರ್ಟ್ ಸ್ಕೇಟಿಂಗ್ ಮಾಡುತ್ತ ಬಿದ್ದು, ಗೆಳೆಯರು ಬಿಟ್ಟು ಓಡಿದರೆಂದು ಅಳುತ್ತ ಮನೆಗೆ ಬಂದಾಗ, ಮರ ಕೊಯ್ಯುತ್ತಿದ್ದ ಅಪ್ಪ ರಮಿಸಲಿಲ್ಲ. ಅವರನ್ನೆಲ್ಲ ಒಂದು ವಾರ ಅನ್ನವಿಲ್ಲದೆ ಒಂದೇ ಕೋಣೆಯಲ್ಲಿ ಕೂಡಿಹಾಕಿದರೆ ಗೆಳೆತನವೇನೆಂದು ಗೊತ್ತಾಗುತ್ತದೆ ಎಂದರು. ಸೂಟ್‌ಕೇಸ್ ತುಂಬುವುದನ್ನೂ ಅದೇ ಕಟ್ಟುನಿಟ್ಟಿನಲ್ಲಿ ಕಲಿಸಿದರು: ಒಂದಿಂಚು ಜಾಗವೂ ವ್ಯರ್ಥವಾಗಬಾರದು, ಯಾವಾಗ ಎದ್ದು ಓಡಬೇಕಾದೀತೋ ಹೇಳಲಾಗದು. ಚಿಕ್ಕ ಚೌಕದೊಳಗೆ ಎಷ್ಟು ಹಿಡಿಸಬಹುದೆಂಬ ಚಿತ್ರಕಥೆಯ ಪಾಠ ತಮಗೆ ಅಲ್ಲಿಂದಲೇ ಬಂತೆಂದು ಆರ್ಟ್ ಮುಂದೆ ತಮಾಷೆಯೂ ನಿಜವೂ ಆಗಿ ಚಿತ್ರಿಸಿದ್ದಾರೆ.

1968ರ ಮೇ ತಿಂಗಳಲ್ಲಿ ಆನ್ಯಾ ಆತ್ಮಹತ್ಯೆ ಮಾಡಿಕೊಂಡರು. ಒಂದು ಸಾಲೂ ಬರೆದಿಡಲಿಲ್ಲ. ಆದರೆ ಮಗ ದೊಡ್ಡವನಾದ ಮೇಲೆ ಓದಲೆಂದು ಯುದ್ಧಾನಂತರ ನೆನಪಿನಿಂದ ಬರೆದ ದಿನಚರಿ ಪುಸ್ತಕಗಳಿದ್ದವು. ಅವು ಎಲ್ಲಿವೆಯೆಂದು ಆರ್ಟ್ ಅಪ್ಪನನ್ನು ಮತ್ತೆ ಮತ್ತೆ ಕೇಳುತ್ತಾರೆ. ಹುಡುಕಿ ಕೊಡುತ್ತೇನೆ, ಎಲ್ಲೋ ಇರಬೇಕು ಎಂದು ದಿನ ದೂಡಿದ ವ್ಲಾದೆಕ್ ಕೊನೆಗೆ ಒಪ್ಪಿಕೊಳ್ಳುತ್ತಾರೆ: ದುಃಖ ತಡೆಯಲಾರದ ಒಂದು ದಿನ ಎಲ್ಲವನ್ನೂ ಸುಟ್ಟುಬಿಟ್ಟೆ. ಬೀದಿಯಲ್ಲಿ ಬಿದ್ದ ಟೆಲಿಫೋನ್ ತಂತಿಯನ್ನು ಒಳಗಿನ ಎಳೆಗಳು ಕಟ್ಟಲು ಬರುತ್ತವೆಂದು ಆರಿಸಿ ತರುವ ಮನುಷ್ಯ, ಯುದ್ಧಕಾಲದಲ್ಲಿ ಚಿಮಣಿಯೊಳಗೆ ಬಚ್ಚಿಟ್ಟ ಚಿನ್ನದ ಸಿಗರೇಟ್ ಡಬ್ಬಿಯನ್ನು ಯುದ್ಧ ಮುಗಿದ ಮೇಲೆ ಹೋಗಿ ತೆಗೆದು ತಂದು ಬ್ಯಾಂಕ್ ಲಾಕರಿನಲ್ಲಿಟ್ಟ ಮನುಷ್ಯ, ಅದೊಂದನ್ನು ಮಾತ್ರ ಉಳಿಸಲಿಲ್ಲ. ಕೊಲೆಗಾರ ಎಂದು ಮಗ ಕೂಗಿದ್ದು ಪುಸ್ತಕದಲ್ಲಿದೆ. ತಮಗೆ ಮರ್ಯಾದೆ ತಾರದ ಆ ಗಳಿಗೆಯನ್ನು ಅವರು ಮೊದಲ ಸಂಪುಟದ ಕೊನೆಗೇ ಇಟ್ಟಿದ್ದಾರೆ. ಅಮ್ಮನ ಕಥೆ ಇನ್ನು ಅಪ್ಪನ ಬಾಯಿಂದಲೇ ಬರಬೇಕು, ಅಪ್ಪ ಹೇಳಿದಷ್ಟೇ ಬರಬೇಕು ಎಂಬುದು ಓದುಗರಿಗೆ ಅಲ್ಲಿ ಹೊಳೆಯುತ್ತದೆ.

ಬರವಣಿಗೆ ನಿಧಾನವಾಗಿ ಸಾಗಿತು. 1972ರಲ್ಲಿ ಮೂರು ಪುಟದ ಮೊದಲ ರೂಪ, 1978–79ರ ಸುಮಾರಿಗೆ ದೀರ್ಘ ಧ್ವನಿಮುದ್ರಣ, 1980ರಿಂದ ಆರ್ಟ್ ಮತ್ತು ಫ್ರಾನ್ಸ್ವಾಸ್ ಮೂಲಿ ಸೇರಿ ನಡೆಸುತ್ತಿದ್ದ ‘ರಾ’ ಪತ್ರಿಕೆಯಲ್ಲಿ ಧಾರಾವಾಹಿ, 1986 ಮತ್ತು 1991ರಲ್ಲಿ ಎರಡು ಸಂಪುಟಗಳು. ವ್ಲಾದೆಕ್ 1982ರ ಆಗಸ್ಟ್ 18ರಂದು ತೀರಿಕೊಂಡಿದ್ದರು. ಎರಡನೆಯ ಸಂಪುಟ ಬಂದಾಗ ‘ನ್ಯೂಯಾರ್ಕ್ ಟೈಮ್ಸ್’ ಅದನ್ನು ಕಾದಂಬರಿ, ಕಥೆಗಳ ಪಟ್ಟಿಗೆ ಹಾಕಿತು. ಇದು ಅಪ್ಪನ ನೆನಪು, ಕಟ್ಟುಕಥೆಯಲ್ಲ ಎಂದು ಮಗ ಪತ್ರ ಬರೆದ ಮೇಲೆ ಪಟ್ಟಿ ಬದಲಾಯಿತು. 2022ರ ಜನವರಿಯಲ್ಲಿ ಟೆನೆಸ್ಸಿ ರಾಜ್ಯದ ಮ್ಯಾಕ್‌ಮಿನ್ ಕೌಂಟಿಯ ಶಾಲಾ ಮಂಡಳಿ, ಕೆಲವು ಬೈಗುಳ ಮತ್ತು ಒಂದು ನಗ್ನ ಚಿತ್ರದ ನೆಪ ಹೇಳಿ 10–0 ಮತದಿಂದ ಅದನ್ನು ಪಠ್ಯದಿಂದ ತೆಗೆಯಿತು. ಆ ಚಿತ್ರ ಸ್ನಾನದ ತೊಟ್ಟಿಯಲ್ಲಿ ಸತ್ತು ಬಿದ್ದ ಆನ್ಯಾಳದು. ಸುದ್ದಿ ಹಬ್ಬಿದ ವಾರದಲ್ಲೇ ಪುಸ್ತಕ ಮತ್ತೆ ಮಾರಾಟದ ಪಟ್ಟಿಗಳ ತಲೆಗೇರಿತು.

ಇಷ್ಟು ದೊಡ್ಡ ಹೆಸರು ಬರುತ್ತದೆಂಬ ಸುಳಿವು ಅಪ್ಪನಿಗೆ ಇತ್ತೋ ಇಲ್ಲವೋ, ಒಂದು ಸಣ್ಣ ಪ್ರಸಂಗ ಪುಸ್ತಕದ ನಡುವೆ ಬರುತ್ತದೆ. ಮಗ ತಂದ ಕರಡು ಚಿತ್ರಗಳನ್ನು ಅಡುಗೆಮನೆಯಲ್ಲಿ ಹರವಿಕೊಂಡು ನೋಡಿದ ವ್ಲಾದೆಕ್‌ಗೆ ಸಂತೋಷವಾಗುತ್ತದೆ. ಸಾಮಾನ್ಯವಾಗಿ ಕಾಮಿಕ್ಸ್ ಕಡೆ ಕಣ್ಣೂ ಹಾಯಿಸದವರು ಅವರು. ಮುಂದೊಂದು ದಿನ ನೀನೂ ಅವನ ಹಾಗೆ ಹೆಸರುವಾಸಿಯಾಗುತ್ತೀಯ ಎನ್ನುತ್ತಾರೆ. ಯಾರ ಹಾಗೆ? ಹೆಸರು ನಾಲಿಗೆ ತುದಿಯಲ್ಲಿದೆ, ಬರುತ್ತಿಲ್ಲ. ಕೊನೆಗೆ ನೆನಪಾಗುತ್ತದೆ: ವಾಲ್ಟ್ ಡಿಸ್ನಿ. ಕೇಳಿದ್ದೇ ತಡ ಮಗ ಪೆನ್ಸಿಲ್ ಹುಡುಕಿಕೊಂಡು ಓಡುತ್ತಾರೆ, ಮರೆಯುವ ಮುಂಚೆ ಈ ಮಾತನ್ನು ಬರೆದಿಟ್ಟುಕೊಳ್ಳಬೇಕೆಂದು.